ಬ್ಯಾಡಗಿಯ ತೂಕದ ಕಂಪ್ಯೂಟರಿನಲ್ಲಿ ಪೈಮೆಮ್

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಮ್ಮ ಕಾಕಾ ಅವರ ದಲಾಲಿ ಅಂಗಡಿ ಇದೆ. ಅಲ್ಲಿನ ಎಲೆಕ್ಟ್ರಾನಿಕ್ ಕಾಟಾಕ್ಕೆ ಜೋಡಿಸಿರುವ ಹಳೆಯ ಸಾಫ್ಟ್‌ವೇರ್ ಚೀಲದ ತೂಕವನ್ನು ಪರದೆಯ ಮೇಲೆ ತೋರಿಸುತ್ತದೆಯೇ ಹೊರತು ಬೇರೆ ಯಾವ ಪ್ರೋಗ್ರಾಮಿಗೂ ಕೊಡುವುದಿಲ್ಲ. ಸೋಮವಾರ ಮತ್ತು ಗುರುವಾರದ ವಹಿವಾಟಿನ ಗದ್ದಲದಲ್ಲಿ ಗುಮಾಸ್ತರು ಆ ಅಂಕಿಯನ್ನು ನೋಡಿ ಎಕ್ಸೆಲ್‌ಗೆ ಕೈಯಿಂದ ಹೊಡೆಯುವಾಗ ಒಂದು ಅಂಕಿ ತಪ್ಪಿದರೂ ಅದು ರೈತರ ಪಟ್ಟಿಯಲ್ಲಿ ದುಡ್ಡಿನ ನಷ್ಟವಾಗುತ್ತದೆ. ಹೀಗಾಗಿ ಕಾಕಾ ಅವರ ಒಪ್ಪಿಗೆ ಪಡೆದು, ಆ ಸಾಫ್ಟ್‌ವೇರಿನ ಮೆಮೊರಿಯಿಂದಲೇ ತೂಕವನ್ನು ಓದುವ ಪೈಥಾನ್ ಸ್ಕ್ರಿಪ್ಟ್ ಬರೆಯಲು ಪೈಮೆಮ್ ಎಂಬ ಉಚಿತ ಲೈಬ್ರರಿಯನ್ನು ಬಳಸಿದೆ. ಇದು ವಿಂಡೋಸ್‌ಗೆ ಮಾತ್ರ ಸಲ್ಲುತ್ತದೆ.

ಮೊದಲು ನಾನು ಪೈಥಾನಿನಿಂದ ವಿಂಡೋಸಿನ ಫಂಕ್ಷನ್‌ಗಳನ್ನು ಕರೆಯಲು ನೆರವಾಗುವ ಸಿಟೈಪ್ಸ್ ಮೂಲಕ, ಇನ್ನೊಂದು ಪ್ರೋಗ್ರಾಮಿನ ಮೆಮೊರಿ ಓದುವ ವಿಂಡೋಸ್ ಫಂಕ್ಷನ್ ಆದ ರೀಡ್‌ಪ್ರೊಸೆಸ್‌ಮೆಮೊರಿಯನ್ನು ನೇರವಾಗಿ ಕರೆದು ನೋಡಿದ್ದೆ. ಅಲ್ಲಿ ಫಂಕ್ಷನ್‌ಗೆ ಕೊಡುವ ಪ್ರತಿ ಮೌಲ್ಯದ (ಆರ್ಗ್ಯುಮೆಂಟಿನ) ಮಾದರಿಯನ್ನು ನಾವೇ ಘೋಷಿಸದಿದ್ದರೆ ಸಿಟೈಪ್ಸ್ ಸಂಖ್ಯೆಗಳನ್ನು 32 ಬಿಟ್‌ಗಳೆಂದೇ ಭಾವಿಸುತ್ತದೆ, ಅದಕ್ಕೆ ಮೀರಿದ 64 ಬಿಟ್ ವಿಳಾಸ ಕೊಟ್ಟರೆ ಸಂಖ್ಯೆ ತೀರಾ ದೊಡ್ಡದೆಂಬ ದೋಷ ತೋರಿಸಿ ನಿಲ್ಲುತ್ತದೆ. ಪೈಮೆಮ್ ಈ ಘೋಷಣೆಗಳನ್ನೆಲ್ಲ ತಾನೇ ಮಾಡಿಟ್ಟಿದೆ. ಅದಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಓದು ವಿಫಲವಾದಾಗ ಯಾವ ವಿಳಾಸ, ಎಷ್ಟು ಬೈಟು, ವಿಂಡೋಸ್ ಕೊಟ್ಟ ದೋಷಸಂಖ್ಯೆ ಯಾವುದು ಎಂಬುದನ್ನು ಅದು ಮರೆಮಾಚದೆ ತಿಳಿಸುವ ರೀತಿ. ನನ್ನ ಬಹುತೇಕ ತೊಡಕುಗಳು ಬಿಡಿಸಿಕೊಂಡದ್ದು ಆ ಸಂಖ್ಯೆಯ ಜಾಡು ಹಿಡಿದೇ.

ಮೊದಲ ದಿನ ಎದುರಾದದ್ದು ವಿಂಡೋಸಿನ ದೋಷಸಂಖ್ಯೆ 5, ಅಂದರೆ ಪ್ರವೇಶ ನಿರಾಕರಣೆ. ತೂಕದ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುತ್ತಿತ್ತು, ನನ್ನ ಸ್ಕ್ರಿಪ್ಟ್ ಸಾಮಾನ್ಯ ಬಳಕೆದಾರನದಾಗಿತ್ತು. ಎರಡನ್ನೂ ಒಂದೇ ಮಟ್ಟಕ್ಕೆ ತಂದಾಗ ಬಾಗಿಲು ತೆರೆಯಿತು. ಪೈಮೆಮ್ ತಾನಾಗಿ ಕೇಳುವುದು ಪ್ರೊಸೆಸ್ಸಿನ (ಓಡುತ್ತಿರುವ ಪ್ರೋಗ್ರಾಮಿನ) ಮೇಲಿನ ಸಂಪೂರ್ಣ ಅಧಿಕಾರವನ್ನು. ಬರೀ ಓದುವವನಿಗೆ ಅಷ್ಟು ಬೇಕಿಲ್ಲ, ಈ ಪೂರ್ವನಿಗದಿ ನನಗೆ ಸರಿಕಾಣುವುದಿಲ್ಲ. ಮೆಮೊರಿಗೆ ಬರೆಯುವ ಫಂಕ್ಷನ್‌ಗಳೂ ಇದರಲ್ಲಿವೆ. ರೈತರ ಮಾಲಿನ ತೂಕ ನಿಂತಿರುವ ಯಂತ್ರದಲ್ಲಿ ಅವುಗಳನ್ನು ಯಾರೂ ಮುಟ್ಟಬಾರದು.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದಾಗ 299 ಬಂತು, ಅಂದರೆ ಓದು ಪೂರ್ತಿಯಾಗಲಿಲ್ಲ. ವಿಂಡೋಸ್ ಪ್ರೋಗ್ರಾಮನ್ನು ಬೇರೆ ಜಾಗದಲ್ಲಿ ಇರಿಸಿತ್ತು, ನಾನು ನಿನ್ನೆಯ ವಿಳಾಸವನ್ನೇ ಬರೆದಿಟ್ಟಿದ್ದೆ. ಮಾಡ್ಯೂಲಿನ, ಅಂದರೆ ಮೆಮೊರಿಗೆ ತುಂಬಿದ ಪ್ರೋಗ್ರಾಮ್ ಫೈಲಿನ, ಆರಂಭದ ವಿಳಾಸವನ್ನು ಪ್ರತಿ ಸಲ ಹೊಸದಾಗಿ ಕೇಳಿ, ಅದಕ್ಕೆ ಅಲ್ಲಿಂದ ಬೇಕಾದ ಜಾಗದವರೆಗಿನ ಅಂತರವನ್ನು ಕೂಡಿಸಬೇಕು. ಆ ಆರಂಭವನ್ನು ಪೈಮೆಮ್ ಒಂದೇ ಸಾಲಿನಲ್ಲಿ ಕೊಡುತ್ತದೆ. ಅನಂತರ ಬಂದ 998, ಅಂದರೆ ಮೆಮೊರಿಯ ಆ ಜಾಗಕ್ಕೆ ಪ್ರವೇಶ ಸಲ್ಲದು ಎಂಬ ದೋಷ, ಪೂರ್ತಿಯಾಗಿ ನನ್ನದೇ ತಪ್ಪು. ತೂಕದ ಸಾಫ್ಟ್‌ವೇರ್ 32 ಬಿಟ್‌ನದು, ಅದರ ಪಾಯಿಂಟರ್ (ಇನ್ನೊಂದು ಜಾಗದ ವಿಳಾಸ ಹಿಡಿದಿರುವ ಸಂಖ್ಯೆ) ನಾಲ್ಕೇ ಬೈಟು. ನಾನು ಎಂಟು ಬೈಟು ಓದಿದ್ದರಿಂದ ಪಕ್ಕದಲ್ಲಿದ್ದ ಇನ್ನೊಂದು ವಿಳಾಸವೂ ಅಂಟಿಕೊಂಡು, ಎಲ್ಲಿಯೂ ಇಲ್ಲದ ಜಾಗವೊಂದು ಸಿದ್ಧವಾಗಿತ್ತು.

ಆದರೆ ದೋಷಸಂಖ್ಯೆಯೇ ಇಲ್ಲದ ತಪ್ಪು ಇವೆಲ್ಲಕ್ಕಿಂತ ಕಠಿಣ. ಪರದೆಯ ಮೇಲೆ 41.5 ಕಿಲೋ ಇತ್ತು, ಸ್ಕ್ರಿಪ್ಟ್ 0.0 ಎಂದಿತು. ಹಮಾಲರು ಚೀಲ ಬದಲಿಸಿದರು, ಪರದೆ 41.35 ಎಂದಿತು, ಸ್ಕ್ರಿಪ್ಟ್ ಋಣ 10,73,74,184 ಎಂದಿತು. ತೂಕ ಎಂಟು ಬೈಟಿನ ದಶಮಾಂಶ ಸಂಖ್ಯೆ, ಅಂದರೆ ಡಬಲ್ ಆಗಿದ್ದು, ನಾನು ನಾಲ್ಕು ಬೈಟಿನ ಫ್ಲೋಟ್ ಎಂದು ಓದುತ್ತಿದ್ದೆ. 41.5 ಅನ್ನು ಡಬಲ್ ಆಗಿ ಬರೆದರೆ ನಾನು ಓದುತ್ತಿದ್ದ ಕೆಳಗಿನ ನಾಲ್ಕು ಬೈಟುಗಳು ಪೂರ್ಣ ಸೊನ್ನೆ, 41.35ಕ್ಕೆ ಹಾಗಲ್ಲ, ಆದ್ದರಿಂದ ಅಲ್ಲಿ ಆ ಅಸಂಬದ್ಧ ಸಂಖ್ಯೆ ಹುಟ್ಟಿತು. ರೀಡ್_ಫ್ಲೋಟ್ ತೆಗೆದು ರೀಡ್_ಡಬಲ್ ಹಾಕಿದ ಕೂಡಲೇ ಎರಡೂ ಕಡೆ ಒಂದೇ ಅಂಕಿ ಬಂತು. ಬೈಟುಗಳ ಅರ್ಥ ಏನೆಂಬುದು ಲೈಬ್ರರಿಗೆ ತಿಳಿಯಲು ಸಾಧ್ಯವಿಲ್ಲ. ಆದರೂ ಇಂತಹ ಉದಾಹರಣೆಗಳು ಅದರ ಕೈಪಿಡಿಯಲ್ಲಿ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪೈಥಾನ್ ಬಲ್ಲವರಿಗೆ, ತಮ್ಮದೇ ಕಂಪ್ಯೂಟರಿನಲ್ಲಿ ತಮ್ಮದೇ ಕೆಲಸಕ್ಕೆ, ಪೈಮೆಮ್ ಅನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಒಂದು ಮಾತು ಮಾತ್ರ ಗಮನದಲ್ಲಿರಲಿ: ನಾವು ಓದುವ ಹೊತ್ತಿಗೂ ಆ ಸಾಫ್ಟ್‌ವೇರ್ ತನ್ನ ಪಾಡಿಗೆ ಅಂಕಿಯನ್ನು ಬದಲಿಸುತ್ತಲೇ ಇರುತ್ತದೆ. ಚೀಲ ಕಾಟಾದ ಮೇಲೆ ಅಲುಗುತ್ತಿರುವಾಗ ಸಿಕ್ಕ ತೂಕ ಪಟ್ಟಿಗೆ ಹೋಗದಂತೆ, ಅರ್ಧ ಸೆಕೆಂಡಿನ ಅಂತರದಲ್ಲಿ ಮೂರು ಸಲ ಓದಿ ಮೂರೂ ಒಂದೇ ಆದರೆ ಮಾತ್ರ ಸ್ವೀಕರಿಸುವ ಸಾಲುಗಳನ್ನು ನಾನೇ ಸೇರಿಸಿಕೊಂಡಿದ್ದೇನೆ.