ಒಣಗಣ್ಣಿಗೆ ಯಾವ ಹನಿ? ಬಾಟಲಿಯ ಸಣ್ಣಕ್ಷರ ಓದಿ

ಕಣ್ಣುರಿ, ಮರಳು ಹೊಕ್ಕಂಥ ಕಿರಿಕಿರಿ, ಸಂಜೆಯಾಗುತ್ತಲೇ ಅಕ್ಷರ ಮಸುಕು. ಇಂಥ ತೊಂದರೆಗೆ ವೈದ್ಯರ ಚೀಟಿಯಿಲ್ಲದೆ ಸಿಗುವ ಹನಿಗಳ ಹೆಸರು ಹತ್ತಾರು, ಒಳಗಿನ ಸರಕು ಮಾತ್ರ ನಾಲ್ಕೈದು ಬಗೆಯದ್ದು. ಕೊಳ್ಳುವಾಗ ಎರಡು ಸಾಲು ಓದಿದರೆ ಸಾಕು: ಮೂಲದ್ರವ್ಯ ಯಾವುದು, ಎಷ್ಟು ಶೇಕಡಾ, ಕೆಡದಂತೆ ಹಾಕಿರುವ ಪ್ರಿಸರ್ವೇಟಿವ್ ಯಾವುದು. ಎರಡು ಬಾಟಲಿಗಳಲ್ಲಿ ಇವು ಒಂದೇ ಆಗಿದ್ದರೆ ಅಗ್ಗದ್ದನ್ನು ಕೊಳ್ಳಲು ಹಿಂಜರಿಯಬೇಕಿಲ್ಲ.

ಮೊದಲು ಬಳಸಿ ನೋಡಬೇಕಾದ್ದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಅಂದರೆ ಸಿಎಂಸಿ. 0.5 ಶೇಕಡಾದ್ದು ತೆಳು. ಹಾಕಿ, ತುಸು ಹೊತ್ತು ಕಣ್ಣು ಮುಚ್ಚಿ ತೆರೆದ ಮೇಲೆ ನಾಲ್ಕೈದು ಬಾರಿ ರೆಪ್ಪೆ ಬಡಿದರೆ ನೋಟ ತಿಳಿಯಾಗುತ್ತದೆ, ಹಾಗಾಗಿ ಹಗಲಿಗೆ, ಕಂಪ್ಯೂಟರ್ ಕೆಲಸಕ್ಕೆ ಹೊಂದುತ್ತದೆ. 1 ಶೇಕಡಾದ್ದು ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಕೆಲವು ನಿಮಿಷ ಮಸುಕು, ಒಣಗಿದ ಮೇಲೆ ಎವೆಗೂದಲಿಗೆ ಬಿಳಿ ಪುಡಿಯಂತೆ ಅಂಟುತ್ತದೆ. 0.3 ಶೇಕಡಾ ಹೈಪ್ರೊಮೆಲೋಸ್ ಹಳೆಯ, ಸಾಮಾನ್ಯವಾಗಿ ಅಗ್ಗದ ಹನಿ. ಹಿತವಾಗಿದೆ, ಆದರೆ ಬೇಗ ಆರಿಹೋಗುತ್ತದೆ. ಮತ್ತೆ ಮತ್ತೆ ಹಾಕಬೇಕಾದರೆ ಅಗ್ಗವೆನ್ನುವುದೂ ಉಳಿಯುವುದಿಲ್ಲ.

ಸೋಡಿಯಂ ಹೈಯಲುರೊನೇಟ್ ಹೆಚ್ಚಾಗಿ 0.1ರಿಂದ 0.2 ಶೇಕಡಾದಲ್ಲಿ ಸಿಗುತ್ತದೆ. ಇದರದ್ದೊಂದು ಒಳ್ಳೆಯ ಗುಣವಿದೆ: ರೆಪ್ಪೆ ಬಡಿಯುವಾಗ ತೆಳುವಾಗುತ್ತದೆ, ಕಣ್ಣು ತೆರೆದಿರುವಾಗ ಮಂದವಾಗಿ ನಿಲ್ಲುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮಸುಕು ಕಡಿಮೆ, ಬಾಳಿಕೆ ಹೆಚ್ಚು. ಸಿಎಂಸಿ ಒಂದು ಗಂಟೆಯೂ ತಡೆಯದು ಅನ್ನುವವರು ಇದಕ್ಕೆ ಬದಲಾಯಿಸಬಹುದು. ಸಿಎಂಸಿಯಲ್ಲೇ ನೆಮ್ಮದಿ ಸಿಕ್ಕಿದ್ದರೆ ಹೆಚ್ಚು ಹಣ ಸುರಿಯಬೇಕಿಲ್ಲ.

ಕಣ್ಣೀರು ಧಾರಾಳವಾಗಿದ್ದರೂ ಉರಿಯುವ ಕಣ್ಣುಗಳಿವೆ. ರೆಪ್ಪೆಯಂಚಿನ ಗ್ರಂಥಿಗಳಿಂದ ಬರುವ ಎಣ್ಣೆ ಸಾಲದಿದ್ದಾಗ ಕಣ್ಣೀರು ಬೇಗ ಆವಿಯಾಗುತ್ತದೆ. ಇಂಥವರು ಬರೀ ನೀರಿನಂಥ ಹನಿ ಹಾಕಿದರೆ ಅರೆಗಳಿಗೆಯ ಸುಖ ಅಷ್ಟೆ. ಎಣ್ಣೆಯಂಶವಿರುವ ಹಾಲುಬಣ್ಣದ ಹನಿ ಇವರಿಗೆ ತಕ್ಕದ್ದು. ಬಾಟಲಿ ಕುಲುಕಿಯೇ ಹಾಕಬೇಕು. ಜೊತೆಗೆ ಶುದ್ಧ ಬಟ್ಟೆಯನ್ನು ಬೆಚ್ಚನೆಯ ನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ. ಬಟ್ಟೆ ಬೇಗ ತಣಿಯುವುದರಿಂದ ಮತ್ತೆ ಮತ್ತೆ ಅದ್ದಬೇಕು. ಇದನ್ನು ಬಿಟ್ಟೇ ಬಹಳ ಮಂದಿ ಶಾಖದಿಂದ ಏನೂ ಆಗಲಿಲ್ಲ ಅನ್ನುವುದು. ಜೆಲ್ ಮತ್ತು ಮುಲಾಮು ಮಲಗುವ ಮುಂಚೆ ಮಾತ್ರ.

ಇನ್ನು ಪ್ರಿಸರ್ವೇಟಿವ್. ಬೆಂಜಾಲ್ಕೋನಿಯಂ ಕ್ಲೋರೈಡ್ ಸೋಪಿನ ಜಾತಿಯದು. ಕ್ರಿಮಿಗಳನ್ನು ಕೊಲ್ಲುವ ಹಾಗೆಯೇ ಕಣ್ಣೀರಿನ ಎಣ್ಣೆಪದರವನ್ನೂ ಒಡೆಯುತ್ತದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲ್ಪದರವನ್ನೂ ನೋಯಿಸುತ್ತದೆ. ದಿನಕ್ಕೆ ಎರಡು ಬಾರಿಯಾದರೆ ಹೆಚ್ಚಿನವರು ತಾಳಿಕೊಳ್ಳುತ್ತಾರೆ. ನಾಲ್ಕು ದಾಟಿತೆಂದರೆ ಒಣಗಣ್ಣಿಗೆ ಹಾಕಿದ ಮದ್ದೇ ಒಣಗಣ್ಣನ್ನು ಬೆಳೆಸಬಹುದು. ಹನಿ ಹೆಚ್ಚಿಸಿದಷ್ಟೂ ಉರಿ ಹೆಚ್ಚುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಮೃದು ಕಾಂಟ್ಯಾಕ್ಟ್ ಲೆನ್ಸ್ ಇದನ್ನು ಹೀರಿಕೊಳ್ಳುವುದರಿಂದ ಲೆನ್ಸ್ ತೆಗೆದು ಹನಿ ಹಾಕಿ, 15 ನಿಮಿಷ ಬಿಟ್ಟು ಮತ್ತೆ ಧರಿಸಬೇಕು. ಆಕ್ಸಿಕ್ಲೋರೋ ಸಂಯುಕ್ತ ಅಥವಾ ಸೋಡಿಯಂ ಪರ್ಬೋರೇಟ್ ಇರುವ ಹನಿಗಳು ಇದಕ್ಕಿಂತ ಸೌಮ್ಯ. ಅವು ಕಣ್ಣಿಗೆ ಬಿದ್ದ ಮೇಲೆ ಒಡೆದು ನಿರುಪದ್ರವಿಯಾಗುತ್ತವೆ.

ಪ್ರಿಸರ್ವೇಟಿವ್ ಇಲ್ಲದ್ದು ಎರಡು ರೂಪದಲ್ಲಿ ಸಿಗುತ್ತದೆ. 0.4 ಮಿ.ಲೀ.ಯ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿ ಎಂಟು ಹನಿಯಾದರೂ ಇರುತ್ತದೆ, ಎರಡು ಕಣ್ಣಿಗೆ ಬೇಕಾದ್ದು ಎರಡೇ. ಉಳಿದದ್ದು ಪೋಲಾಗುತ್ತದಲ್ಲಾ ಅನ್ನಿಸಿದರೂ, ಲೇಬಲ್ ಅನುಮತಿಸದ ಹೊರತು ಇಟ್ಟುಕೊಳ್ಳಬೇಡಿ. ಇನ್ನೊಂದು, ಗಾಳಿ ಮತ್ತು ಕ್ರಿಮಿ ಹಿಂದಕ್ಕೆ ನುಗ್ಗದಂತೆ ಕವಾಟ ಇರುವ ಬಾಟಲಿ. ಅದುಮಲು ತುಸು ಬಿಗಿ, ಬೆರಳಿನ ಕೀಲು ನೋಯುವವರಿಗೆ ಕಷ್ಟ, ಆದರೆ ದಿನಕ್ಕೆ ಆರು ಸಲ ಹಾಕುವವರಿಗೆ ಕೊಳವೆಗಿಂತ ಲಾಭ. 2022–23ರಲ್ಲಿ ಅಮೆರಿಕದಲ್ಲಿ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಕಲುಷಿತ ಬಾಟಲಿಗಳಿಗೆ ನಂಟಿದ್ದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ 4 ಮಂದಿ ಸತ್ತರು, 14 ಮಂದಿ ದೃಷ್ಟಿ ಕಳೆದುಕೊಂಡರು. ಸೀಲ್ ಒಡೆದ ಬಾಟಲಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

'ಕೆಂಪು ನಿವಾರಕ' ಎಂದು ಬರೆದಿರುವ ಹನಿಗಳು ಒಣಗಣ್ಣಿನ ಸಾಲಿಗೆ ಸೇರಲೇ ಕೂಡದು. ಅವುಗಳಲ್ಲಿರುವ ನಾಫಜೋಲಿನ್, ಟೆಟ್ರಾಹೈಡ್ರೋಜೋಲಿನ್ ರಕ್ತನಾಳಗಳನ್ನು ಬಿಗಿದು ಕಣ್ಣನ್ನು ಬೆಳ್ಳಗಾಗಿಸುತ್ತವೆ. ಪ್ರಭಾವ ಇಳಿದ ಮೇಲೆ ನಾಳಗಳು ಇನ್ನಷ್ಟು ಹಿಗ್ಗಿ ಕೆಂಪು ಮರಳುತ್ತದೆ, ಮತ್ತೆ ಬಾಟಲಿಗೆ ಕೈ ಹೋಗುತ್ತದೆ. ಮೂರು ದಿನ ದಾಟಿಸಬೇಡಿ, ಕಿರಿಕೋನದ ಗ್ಲಾಕೋಮಾ (ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿ ಕಿರಿದಾಗಿ ಒತ್ತಡ ಏರುವ ರೋಗ) ಇರುವವರು ಮುಟ್ಟಲೇಬೇಡಿ. ಮಗುವಿನ ಕೈಗೆ ಎಟುಕದಂತಿಡಿ: 1–2 ಮಿ.ಲೀ. ನುಂಗಿದರೂ ಅಪಾಯ.

ಉರಿಗಿಂತ ತುರಿಕೆ ಹೆಚ್ಚಿದ್ದರೆ ಅದು ಅಲರ್ಜಿಯ ಲಕ್ಷಣ. 0.025 ಶೇಕಡಾ ಕೀಟೊಟಿಫೆನ್ ಹನಿ ದಿನಕ್ಕೆರಡು ಸಲ, 8ರಿಂದ 12 ಗಂಟೆಯ ಅಂತರದಲ್ಲಿ, ಕೃತಕ ಕಣ್ಣೀರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅಲರ್ಜಿಗೆ ನುಂಗುವ ಮಾತ್ರೆಗಳಲ್ಲಿ ಕೆಲವು ಕಣ್ಣನ್ನು ಒಣಗಿಸುತ್ತವೆ ಎಂಬುದೂ ನೆನಪಿರಲಿ.

ಲೆಕ್ಕ ಹೀಗೆ: ಹನಿಯೊಂದು ದೊಡ್ಡದೆಂದರೆ 0.05 ಮಿ.ಲೀ. 10 ಮಿ.ಲೀ. ಬಾಟಲಿಯಲ್ಲಿ 200 ಹನಿ. ಎರಡೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲವಾದರೆ 25 ದಿನ. ಸಾಮಾನ್ಯ ಬಾಟಲಿಯನ್ನು ತೆರೆದ ಒಂದು ತಿಂಗಳಿಗೆ ಎಸೆಯಬೇಕಾದ್ದರಿಂದ, ಅಪರೂಪಕ್ಕೆ ಹಾಕುವವರಿಗೆ ಚಿಕ್ಕ ಬಾಟಲಿಯೇ ಅಗ್ಗ. ತೆರೆದ ತಾರೀಕನ್ನು ಲೇಬಲ್ ಮೇಲೆ ಬರೆದಿಡಿ.

ಹಾಕುವಾಗ ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಎಳೆದು ಆ ಗುಳಿಗೆ ಒಂದೇ ಹನಿ ಬಿಡಿ. ಎರಡನೆಯದಕ್ಕೆ ಅಲ್ಲಿ ಜಾಗವಿಲ್ಲ, ಕೆನ್ನೆಗೆ ಇಳಿಯುತ್ತದೆ. ಬಾಟಲಿಯ ತುದಿ ಎವೆಗೆ ತಗುಲಬಾರದು. ಒಂದೆರಡು ನಿಮಿಷ ಕಣ್ಣು ಮುಚ್ಚಿರಿ. ಆಗ ಪಟಪಟ ಬಡಿದರೆ ಹನಿ ಮೂಗಿನ ಕಡೆಗೆ ಹರಿದುಹೋಗುತ್ತದೆ. ಬೇರೆ ಹನಿಯೂ ಇದ್ದರೆ ನಡುವೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ.

ನೋವು, ಬೆಳಕು ಚುಚ್ಚುವುದು, ನೋಟ ಕುಂದುವುದು, ಹಳದಿ ಗೀಜು, ಕಣ್ಣಿಗೆ ರಾಸಾಯನಿಕ ಸಿಡಿದಿರುವುದು, ಲೆನ್ಸ್ ಧರಿಸುವವರ ಕಣ್ಣು ಕೆಂಪಾಗಿರುವುದು: ಇವುಗಳಲ್ಲಿ ಒಂದಿದ್ದರೂ ಕಣ್ಣಿನ ವೈದ್ಯರ ಬಳಿ ಹೋಗಬೇಕು. ರಾಸಾಯನಿಕ ಸಿಡಿದಿದ್ದರೆ ಮೊದಲು ಶುದ್ಧ ನೀರಿನಿಂದ 15–20 ನಿಮಿಷ ಬಿಡದೆ ತೊಳೆದು ಹೊರಡಿ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಹನಿಯನ್ನು ಹಾಕಿಕೊಳ್ಳಬೇಡಿ; ಅದು ಕಣ್ಣಿನ ಒತ್ತಡ ಏರಿಸಬಲ್ಲದು, ಸೋಂಕಿದ್ದರೆ ಉಲ್ಬಣಿಸಬಲ್ಲದು.