ಟಿವಿಗೂ ಕೈಗೂ ಒಂದೇ ಕನ್ಸೋಲ್: ಸ್ವಿಚ್ ಒಎಲ್‌ಇಡಿ, ಸ್ವಿಚ್ ಲೈಟ್, ಸ್ಟೀಮ್ ಡೆಕ್

ಈ ಮೂರು ಗೇಮ್ ಕನ್ಸೋಲ್‌ಗಳನ್ನೂ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ನಿಂಟೆಂಡೊ ಸ್ವಿಚ್ ಒಎಲ್‌ಇಡಿ. ಬಲದಲ್ಲಿ ಸ್ಟೀಮ್ ಡೆಕ್ ಮುಂದು, ಬೆಲೆಯಲ್ಲಿ ಸ್ವಿಚ್ ಲೈಟ್ ಅಗ್ಗ. ಆದರೆ ದಿನಕ್ಕೆ ನಾಲ್ಕು ಸಲ ಡಾಕ್‌ಗೆ (ಕನ್ಸೋಲನ್ನು ಟಿವಿಗೆ ಸೇರಿಸುವ ಪೀಠ) ಇಟ್ಟು ತೆಗೆಯುವ ಮನೆಯಲ್ಲಿ ನಾನು ನೋಡುವುದು ಒಂದೇ: ಇಟ್ಟ ಕೂಡಲೇ ಟಿವಿಯಲ್ಲಿ ಆಟ ಬರಬೇಕು, ಎತ್ತಿಕೊಂಡರೆ ಅದೇ ಆಟ ಕೈಯಲ್ಲಿ ಮುಂದುವರಿಯಬೇಕು, ನಡುವೆ ಯಾವ ಸೆಟ್ಟಿಂಗನ್ನೂ ಮುಟ್ಟುವಂತಿರಬಾರದು. ಡಾಕ್‌ನಲ್ಲಿದ್ದಾಗ ಸ್ವಿಚ್‌ನ ಚಿತ್ರ 1080ಪಿವರೆಗೆ ಏರುತ್ತದೆ, ಕೈಗೆ ಬಂದರೆ 720ಪಿಗೆ ಇಳಿಯುತ್ತದೆ, ಎರಡೂ ತಾನಾಗಿಯೇ. ಆಟದ ನಡುವೆ ಕರೆಂಟ್ ಹೋದರೂ ಡಾಕ್‌ನಿಂದ ಎತ್ತಿಕೊಂಡರೆ ಆಯಿತು, ಆಟ ನಿಂತಲ್ಲೇ ಇರುತ್ತದೆ.

ಲೈಟ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ಟಿವಿಗೆ ಸೇರುವುದೇ ಇಲ್ಲ. ಅದರ ಟೈಪ್-ಸಿ ಪೋರ್ಟಿನಿಂದ ವಿಡಿಯೊ ಹೊರಬರುವುದಿಲ್ಲ. ಯಾವ ಡಾಕ್ ತಂದರೂ, ಯಾವ ಎಚ್‌ಡಿಎಂಐ ಅಡಾಪ್ಟರ್ ಸಿಕ್ಕಿಸಿದರೂ ಅಷ್ಟೇ. "ಈಗ ಇದನ್ನ ತಗೊಳ್ಳಿ, ಡಾಕ್ ಆಮೇಲೆ ತಗೊಂಡ್ರಾಯ್ತು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. 275 ಗ್ರಾಂ ತೂಕ, 5.5 ಇಂಚಿನ ಪರದೆ. ಒಬ್ಬರೇ ಆಡುವವರಿಗೆ, ಪ್ರಯಾಣಕ್ಕೆ ಬಲು ಹಗುರ.

ಇನ್ನು ಒಎಲ್‌ಇಡಿಯ ತಲೆನೋವು: ಕರೆಂಟಿನ ಅಡಾಪ್ಟರ್. ಭಾರತದಲ್ಲಿ ನಿಂಟೆಂಡೊ ಅಧಿಕೃತವಾಗಿ ಸ್ವಿಚ್ ಮಾರುವುದಿಲ್ಲ, ಇಲ್ಲಿ ಸಿಗುವುದೆಲ್ಲ ಹೊರದೇಶದ ಪೆಟ್ಟಿಗೆಗಳು. ಅಮೆರಿಕ ಅಥವಾ ಜಪಾನಿನದ್ದಾದರೆ ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಬರುತ್ತದೆ. ಅದು 110 ವೋಲ್ಟಿನದ್ದು ಅಂದುಕೊಂಡು ಕೆಲವರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ಗೆ ದುಡ್ಡು ಸುರಿಯುತ್ತಾರೆ. ಬೇಡ. ಅಡಾಪ್ಟರ್ ಮೇಲೆಯೇ ಇನ್‌ಪುಟ್ 100–240 ವೋಲ್ಟ್ ಎಂದು ಬರೆದಿರುತ್ತದೆ. ಪಿನ್ ಬದಲಿಸುವ ಕನ್ವರ್ಟರ್ ಇದ್ದರೆ ಸಾಕು. ಆದರೆ ಕನ್ವರ್ಟರ್ ಗಟ್ಟಿಯಾಗಿರಬೇಕು. ಗೋಡೆಯ ಸಾಕೆಟ್ಟಿನಲ್ಲಿ ಅಗ್ಗದ ಕನ್ವರ್ಟರ್ ಅಡಾಪ್ಟರಿನ ಭಾರಕ್ಕೆ ಜೋತುಬೀಳುತ್ತದೆ, ಸಂಪರ್ಕ ಸಡಿಲವಾಗಿ ಟಿವಿಯಲ್ಲಿ ಚಿತ್ರ ಹೋಗಿ ಬರುತ್ತದೆ, ನಾವು ಸುಮ್ಮನೆ ಎಚ್‌ಡಿಎಂಐ ಕೇಬಲ್ ಬದಲಿಸುತ್ತಾ ಕೂರುತ್ತೇವೆ. ನೆಲದ ಮೇಲಿಟ್ಟ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಜೋತುಬೀಳುವ ತೊಂದರೆಯೇ ಇಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಫೋನ್ ಚಾರ್ಜರ್. ಕನ್ಸೋಲಿಗೆ ನೇರವಾಗಿ ಚುಚ್ಚಿದರೆ ಸಾಮಾನ್ಯ ಫೋನ್ ಚಾರ್ಜರ್ ಕೂಡ ನಿಧಾನವಾಗಿ ಚಾರ್ಜ್ ಮಾಡುತ್ತದೆ. ಅದನ್ನು ನೋಡಿ ಅದೇ ಚಾರ್ಜರನ್ನು ಡಾಕ್‌ಗೂ ಹಾಕುತ್ತೇವೆ. ಟಿವಿ ಕಪ್ಪಾಗಿಯೇ ಉಳಿಯುತ್ತದೆ. ಡಾಕ್ ಕೇಳುವುದು 15 ವೋಲ್ಟ್, 2.6 ಆಂಪಿಯರ್, ಅಂದರೆ 39 ವ್ಯಾಟ್. ಚಾರ್ಜರ್ ಮೇಲೆ ದಪ್ಪಕ್ಷರದಲ್ಲಿ 65 ವ್ಯಾಟ್ ಎಂದಿದ್ದರೂ ಅದು ಫೋನ್ ಕಂಪನಿಯ ಸ್ವಂತ ವಿಧಾನದ್ದಾಗಿದ್ದರೆ 15 ವೋಲ್ಟ್ ಕೊಡದೇ ಇರಬಹುದು. ಹಿಂದಿನ ಸಣ್ಣಕ್ಷರದ ಔಟ್‌ಪುಟ್ ಸಾಲನ್ನು ಓದಿ: 5 ವೋಲ್ಟ್, 9 ವೋಲ್ಟ್ ಆದ ಮೇಲೆ "15V 3A" ಎಂದು ಪ್ರತ್ಯೇಕವಾಗಿ ಇರಲೇಬೇಕು. ಒಂದು ತುದಿ ಹಳೆಯ ಅಗಲದ ಯುಎಸ್‌ಬಿ ಇರುವ ಕೇಬಲ್ಲಿನಲ್ಲಿ ಈ 15 ವೋಲ್ಟ್ ಬರುವುದಿಲ್ಲ, ಎರಡೂ ಕಡೆ ಟೈಪ್-ಸಿ ಬೇಕು. ಇಷ್ಟೆಲ್ಲ ರಗಳೆ ಬೇಡವೆಂದರೆ ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರನ್ನೇ ಡಾಕ್‌ಗೆ ಮೀಸಲಿಟ್ಟು, ಪ್ರಯಾಣಕ್ಕೆ ಫೋನ್ ಚಾರ್ಜರ್ ಇಟ್ಟುಕೊಳ್ಳಿ.

ಸರಿಯಾದ ಅಡಾಪ್ಟರ್ ಇದ್ದೂ ಚಿತ್ರ ಬಾರದಿದ್ದರೆ, ಅದನ್ನು ಗೋಡೆಯಿಂದಲೂ ಡಾಕ್‌ನಿಂದಲೂ ಕಿತ್ತು ಅರ್ಧ ನಿಮಿಷ ಬಿಡಿ. ಆಮೇಲೆ ಮೊದಲು ಅಡಾಪ್ಟರ್, ನಂತರ ಎಚ್‌ಡಿಎಂಐ, ಕೊನೆಗೆ ಕನ್ಸೋಲ್. ಬಹುಪಾಲು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅಗ್ಗದ ಬೇರೆ ಡಾಕ್‌ಗಳ ಆಸೆಗೆ ಮಾತ್ರ ಬೀಳಬೇಡಿ: 2018ರಲ್ಲಿ ಸ್ವಿಚ್ ಸಾಫ್ಟ್‌ವೇರಿನ 5.0 ಅಪ್‌ಡೇಟ್ ಬಂದಾಗ ಅಂಥ ಕೆಲವು ಡಾಕ್‌ಗಳಲ್ಲಿಟ್ಟ ಕನ್ಸೋಲ್‌ಗಳು ಮತ್ತೆ ಆನ್ ಆಗಲೇ ಇಲ್ಲ.

ಜಾಯ್‌ಕಾನ್ ಅಂದರೆ ಸ್ವಿಚ್‌ನ ಎರಡು ಬದಿಗೆ ಸಿಕ್ಕಿಸುವ ಕಂಟ್ರೋಲರ್; ಅದರ ಸ್ಟಿಕ್ಕಿನ ಡ್ರಿಫ್ಟ್ ಎಲ್ಲರಿಗೂ ಗೊತ್ತಿರುವ ಕಾಯಿಲೆ. 2020ರಲ್ಲಿ ನಿಂಟೆಂಡೊ ಅಧ್ಯಕ್ಷರೇ ಕ್ಷಮೆ ಕೇಳಿದ್ದರು. ಸ್ಟಿಕ್ಕಿನ ಒಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತದೆ. ಪಟ್ಟಿ ಸವೆದಂತೆ, ಧೂಳು ಸೇರಿದಂತೆ ಕೈ ಬಿಟ್ಟರೂ ಪಾತ್ರ ತಾನೇ ನಡೆಯತೊಡಗುತ್ತದೆ. ಇಲ್ಲಿ ಒಎಲ್‌ಇಡಿ ಲೈಟ್‌ಗಿಂತ ವಾಸಿ: ಜಾಯ್‌ಕಾನ್ ಕಳಚಿ ಬರುತ್ತದೆ, ಅದನ್ನಷ್ಟೇ ಬಿಚ್ಚಬಹುದು. ಲೈಟ್‌ನಲ್ಲಿ ಇಡೀ ಕನ್ಸೋಲನ್ನೇ ಬಿಚ್ಚಬೇಕು. ಜಾಯ್‌ಕಾನ್ ಹಿಂಬದಿಯಲ್ಲಿ ವೈ ಆಕಾರದ ನಾಲ್ಕು ಸ್ಕ್ರೂಗಳಿವೆ. ವೈ00 ಸ್ಕ್ರೂಡ್ರೈವರೇ ಬೇಕು, ಸಾಮಾನ್ಯ ಸ್ಟಾರ್ ಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಎರಡು ಹೋಳನ್ನು ಪುಸ್ತಕದಂತೆ ಮೆಲ್ಲಗೆ ತೆರೆಯಿರಿ, ನಡುವೆ ಕಾಗದದಷ್ಟು ತೆಳುವಾದ ಕೇಬಲ್‌ಗಳಿವೆ. ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಸ್ಟಿಕ್ಕಿನ ಕೇಬಲ್ಲಿಗೆ ಪುಟ್ಟ ಲಾಕ್ ಇದೆ, ಅದನ್ನು ಉಗುರಿನಿಂದ ಎತ್ತಿದ ಮೇಲೆಯೇ ಎಳೆಯಬೇಕು. ಹೇಗೂ ಬಿಚ್ಚುತ್ತಿದ್ದೀರಿ, ಹಾಲ್ ಎಫೆಕ್ಟ್ ಸ್ಟಿಕ್ಕನ್ನೇ ಹಾಕಿ. ಆಯಸ್ಕಾಂತದಿಂದ ಕೆಲಸ ಮಾಡುವುದರಿಂದ ಅದರಲ್ಲಿ ಉಜ್ಜಿ ಸವೆಯುವ ಪಟ್ಟಿಯಿಲ್ಲ. ಹಾಕಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಟ್ ಮಾಡಲು, ಅಂದರೆ ಸ್ಟಿಕ್ಕಿನ ನಡುಬಿಂದು ಸರಿಹೊಂದಿಸಲು ಮರೆಯಬೇಡಿ.

ಸ್ಟೀಮ್ ಡೆಕ್ ನಿಜಕ್ಕೂ ಒಳ್ಳೆಯ ಯಂತ್ರ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಸೇಲ್ ಬಂದಾಗ ಆಟಗಳು ಧಾರಾಳ ಅಗ್ಗ. ಕಂಪ್ಯೂಟರಿಗೆಂದು ಮೊದಲೇ ಕೊಂಡಿದ್ದ ಆಟಗಳೂ ಇದರಲ್ಲಿ ನಡೆಯುತ್ತವೆ, ಎಲ್ಲವೂ ಅಲ್ಲ: ವ್ಯಾಲರಂಟ್, ಫೋರ್ಟ್‌ನೈಟ್ ಡೆಕ್‌ನ ಆಪರೇಟಿಂಗ್ ಸಿಸ್ಟಂ ಸ್ಟೀಮ್‌ಓಎಸ್‌ನಲ್ಲಿ ಓಡುವುದಿಲ್ಲ. ಟಿವಿಗೆ ಹಾಕುವಾಗ ಮಾತ್ರ ಕಿರಿಕಿರಿ. ಡಾಕ್ ಬೇರೆಯಾಗಿ ಕೊಳ್ಳಬೇಕು. ಟಿವಿಗೆ ಸೇರಿಸಿದರೂ ಹಲವು ಆಟಗಳು 1280×800ರಲ್ಲೇ ನಿಲ್ಲುತ್ತವೆ. ಒಂದೊಂದು ಆಟದ ಪ್ರಾಪರ್ಟೀಸ್‌ಗೆ ಹೋಗಿ ರೆಸಲ್ಯೂಶನ್ ಬದಲಿಸಬೇಕು, ಆಟದೊಳಗಿನ ಗ್ರಾಫಿಕ್ಸ್ ಮತ್ತೆ ಹೊಂದಿಸಬೇಕು. ಇಬ್ಬರು ಆಡಬೇಕೆಂದರೆ ಕಂಟ್ರೋಲರ್ ಬೇರೆ ತರಬೇಕು. ಸ್ವಿಚ್‌ನಲ್ಲಿ ಜಾಯ್‌ಕಾನ್ ಜೋಡಿಯನ್ನು ಬಿಡಿಸಿ ಒಬ್ಬೊಬ್ಬರಿಗೆ ಒಂದು ಕೊಟ್ಟರೆ ಮಾರಿಯೊ ಕಾರ್ಟ್ ಶುರು. ತೂಕ ಸ್ಟೀಮ್ ಡೆಕ್‌ನ ಒಎಲ್‌ಇಡಿ ಮಾದರಿಯದ್ದು 640 ಗ್ರಾಂ, ಸ್ವಿಚ್ ಒಎಲ್‌ಇಡಿಯದ್ದು ಜಾಯ್‌ಕಾನ್ ಸಮೇತ 420. ಮಲಗಿಕೊಂಡು ಆಡುವವರಿಗೆ ಈ ವ್ಯತ್ಯಾಸ ಮಣಿಕಟ್ಟಿನಲ್ಲೇ ತಿಳಿಯುತ್ತದೆ.

ಸ್ವಿಚ್ ಆಟಗಳು ದುಬಾರಿ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾರ್ಟ್ರಿಜ್ ತಗೊಂಡರೆ ಆಡಿ ಮುಗಿಸಿ ಮಾರಬಹುದು, ಬೇರೆ ದೇಶದ ಕಾರ್ಟ್ರಿಜ್ ಕೂಡ ನಡೆಯುತ್ತದೆ. ಆಟಕ್ಕೆ ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ (ಡಿಎಲ್‌ಸಿ) ಮಾತ್ರ ಕಾರ್ಟ್ರಿಜ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಇಶಾಪ್‌ನಿಂದ, ಅಂದರೆ ನಿಂಟೆಂಡೊ ಆನ್‌ಲೈನ್ ಅಂಗಡಿಯಿಂದ ತಗೊಳ್ಳಬೇಕು. ಖಾತೆಯಲ್ಲಿ ಬ್ಯಾಲೆನ್ಸ್ ಉಳಿದಿದ್ದರೆ ದೇಶ ಬದಲಿಸಲು ಬಿಡುವುದಿಲ್ಲ, ಹಾಗಾಗಿ ಖಾತೆಗೆ ಹಣ ತುಂಬುವ ಕೋಡನ್ನು ಬೇಕಾದಷ್ಟಕ್ಕೇ ಕೊಳ್ಳಿ.

2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಬೇಕಾದರೆ ಮೆಮೊರಿ ಕಾರ್ಡಿನ ಖರ್ಚನ್ನೂ ಸೇರಿಸಿಕೊಳ್ಳಿ: ಆಟ ಇಡಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಹಳೆಯದು ನಡೆಯದು.

ಬಿಡುಗಡೆಯಾದಾಗ ಅಮೆರಿಕದಲ್ಲಿ ಲೈಟ್ 199.99 ಡಾಲರ್, ಸ್ವಿಚ್ ಒಎಲ್‌ಇಡಿ 349.99, ಡೆಕ್ ಒಎಲ್‌ಇಡಿ 549 ಇತ್ತು. ಇಲ್ಲಿಗೆ ಬರುವಾಗ ತರಿಸುವವರ ಲಾಭವೂ ಸೇರುತ್ತದೆ. ಸಂಜೆ ಮನೆಮಂದಿ ಜೊತೆ ಟಿವಿಯಲ್ಲಿ, ರಾತ್ರಿ ಒಬ್ಬನೇ ಕೈಯಲ್ಲಿ ಆಡುವ ನನ್ನಂಥವರಿಗೆ ನಡುವಿನದೇ ಸರಿ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಆದರೆ ಮಾರುವವರ ಮುಂದೆಯೇ ಅವರ ಅಡಾಪ್ಟರಿನಿಂದಲೇ ಟಿವಿಗೆ ಹಾಕಿಸಿ ನೋಡಿ. ಆಮೇಲೆ ಸೆಟ್ಟಿಂಗ್ಸ್‌ನ ಸ್ಟಿಕ್ ಕ್ಯಾಲಿಬ್ರೇಶನ್ ತೆರೆದು ಎರಡೂ ಸ್ಟಿಕ್‌ಗಳನ್ನು ಸುತ್ತ ತಿರುಗಿಸಿ ಕೈಬಿಡಿ; ಚುಕ್ಕೆ ಪ್ರತಿಸಲವೂ ನಟ್ಟನಡುವೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಎರಡು ಹೊಸ ಸ್ಟಿಕ್ಕಿನ ದುಡ್ಡನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.