ಮಲಾಬೋದಲ್ಲಿ ಕೆಲಸ ಇದೆ ಅಂದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಹೋದ ವಾರ ಕುಂದಾಪುರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಐಟಿಐ ಮುಗಿಸಿ ಮೂರು ವರ್ಷ ಗಲ್ಫ್‌ನಲ್ಲಿ ದುಡಿದವನು. "ಅಣ್ಣ, ಗಿನಿ ಅಂತ ಒಂದು ದೇಶವಂತೆ. ಸಂಬಳ ಡಾಲರ್‌ನಲ್ಲಿ. ನೀವು ಅಲ್ಲಿಗೇ ಹೋಗಿದ್ದಲ್ವಾ?" ಅಂದ. ನನ್ನ ಎದೆ ಧಸಕ್ಕೆಂದಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರು ಸರಿಯಾಗಿ ತಿಳಿದುಕೊಳ್ಳಿ. ಏಜೆಂಟರು ಬರೀ ಗಿನಿ ಅನ್ನುತ್ತಾರೆ. ಆಫ್ರಿಕಾದಲ್ಲಿ ಆ ಹೆಸರಿನ ದೇಶ ಒಂದಕ್ಕಿಂತ ಜಾಸ್ತಿ ಇವೆ. ನಾನು ಹೋಗಿದ್ದು ಈಕ್ವಟೋರಿಯಲ್ ಗಿನಿಗೆ. ಅದರ ಮಲಾಬೋ ನಗರ ಇರುವುದು ಬಿಯೋಕೊ ಅನ್ನುವ ದ್ವೀಪದಲ್ಲಿ. ಸುತ್ತ ಸಮುದ್ರ. ಸುಮ್ನೆ ಎದ್ದು ಬಸ್ ಹತ್ತಿ ಗಡಿ ದಾಟುವ ಊರಲ್ಲ ಅದು.

ನಾನು ಜನರೇಟರ್ ರಿಪೇರಿ ಮಾಡುವವನು. 2022ರ ಜನವರಿಯಲ್ಲಿ ಹೋದೆ. ಏಜೆಂಟ್ ಹೇಳಿದ ಒಂದು ಮಾತು ಆಗ ಖುಷಿ ಕೊಟ್ಟಿತ್ತು: "ಗಲ್ಫ್ ಥರ ಎಮಿಗ್ರೇಶನ್ ಕ್ಲಿಯರೆನ್ಸ್ ತಲೆನೋವೇ ಇಲ್ಲ." ನಿಜವೇ. ಕೆಲಸಕ್ಕೆ ಹೊರಡುವವರ ಕರಾರು ನೋಡಿ ಕೊಡುವ ಆ ಅನುಮತಿಯನ್ನು ನಮ್ಮ ಸರ್ಕಾರ ಕೇಳುವುದು 18 ದೇಶಗಳಿಗೆ ಮಾತ್ರ, ಈ ದೇಶ ಆ ಪಟ್ಟಿಯಲ್ಲಿಲ್ಲ. ಹತ್ತನೇ ತರಗತಿ ಪಾಸಾದವರಿಗೆ ಹೇಗೂ ಅದು ಬೇಕಿಲ್ಲ. ಹಾಗಾಗಿ ನನ್ನ ಕರಾರು ಪತ್ರವನ್ನು ಹೊರಡುವ ಮೊದಲು ನಾನು ಬಿಟ್ಟರೆ ಬೇರೆ ಯಾರೂ ಓದಿರಲಿಲ್ಲ. ಅದರಲ್ಲಿ ಅರ್ಧ ಸ್ಪ್ಯಾನಿಷ್. ಆ ಅರ್ಧವನ್ನು ನಾನೂ ಓದಿರಲಿಲ್ಲ.

ಇಳಿದ ದಿನವೇ ಪಾಸ್‌ಪೋರ್ಟ್ ಆಫೀಸಿನ ತಿಜೋರಿಗೆ ಹೋಯಿತು. "ರೆಸಿದೆನ್ಸಿಯಾ ಮಾಡಿಸಬೇಕು" ಅಂದರು, ಅಂದರೆ ವಾಸದ ಪರವಾನಗಿ. ಕೈಗೆ ಸಿಕ್ಕಿದ್ದು ಒಂದು ಜೆರಾಕ್ಸ್. ರಾತ್ರಿ ತಪಾಸಣೆಯವರು ಗಾಡಿ ನಿಲ್ಲಿಸಿದಾಗ ಆ ಜೆರಾಕ್ಸ್ ನೋಡಿ ತಲೆ ಅಲ್ಲಾಡಿಸುತ್ತಿದ್ದರು. 10,000 ಸೆಫಾ (ಅಲ್ಲಿನ ಹಣ) ಕೊಟ್ಟರೆ ಬಿಡುತ್ತಿದ್ದರು. ಆಗಿನ ಲೆಕ್ಕದಲ್ಲಿ 1,250 ರೂಪಾಯಿ ಹತ್ತಿರ. ನನ್ನ ಜೊತೆಗಿದ್ದ ಕೇರಳದ ವೆಲ್ಡರ್ ಒಮ್ಮೆ ರಸ್ತೆಯ ಫೋಟೋ ತೆಗೆದ. ಹಿಂದೆ ಯಾವುದೋ ಸರ್ಕಾರಿ ಕಟ್ಟಡ ಬಿದ್ದಿತ್ತಂತೆ. ಒಂದು ರಾತ್ರಿ ಠಾಣೆಯಲ್ಲಿ ಕಳೆದು ಬಂದ, ಮೊಬೈಲ್ ವಾಪಸ್ ಬರಲೇ ಇಲ್ಲ.

ಇದೆಲ್ಲ ಸಣ್ಣ ತೊಂದರೆ ಅಂತ ಇಟ್ಟುಕೊಳ್ಳೋಣ. ದೊಡ್ಡದು ಬೇರೆಯೇ ಇದೆ.

ಅಲ್ಲಿನ ಅಧ್ಯಕ್ಷ ಟಿಯೊಡೊರೊ ಒಬಿಯಾಂಗ್ 1979ರ ಆಗಸ್ಟ್‌ನಲ್ಲಿ ತನ್ನ ಚಿಕ್ಕಪ್ಪನನ್ನೇ ಇಳಿಸಿ ಅಧಿಕಾರ ಹಿಡಿದವರು. ನಾನಿದ್ದಾಗ, 2022ರ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು. ಶೇ 90ಕ್ಕೂ ಹೆಚ್ಚು ಮತ ಅವರಿಗೇ ಅಂತ ಘೋಷಿಸಿದರು. ನಮ್ಮ ಕಾವಲುಗಾರ ಕ್ಯಾಮರೂನ್‌ನವನು. ಫಲಿತಾಂಶದ ಬಗ್ಗೆ ಕೇಳಿದರೆ ಗೇಟಿನ ಕಡೆ ನೋಡಿ, ಮಾತು ಬದಲಿಸಿ ಮಳೆಯ ವಿಷಯ ಎತ್ತಿದ. ಒಬಿಯಾಂಗ್ ಅವರ ಮಗನೇ ಉಪಾಧ್ಯಕ್ಷ. ದೇಶದ ಹಣ ನುಂಗಿ ಪ್ಯಾರಿಸ್‌ನಲ್ಲಿ ಆಸ್ತಿ ಮಾಡಿದ್ದಕ್ಕೆ ಫ್ರಾನ್ಸ್‌ನ ಕೋರ್ಟ್ 2017ರಲ್ಲಿ ಈ ಮಗನನ್ನು ತಪ್ಪಿತಸ್ಥ ಅಂದಿತು, 2021ರಲ್ಲಿ ಅದು ಕಾಯಂ ಆಯಿತು. ತೊಂಬತ್ತರ ದಶಕದಿಂದ ಎಣ್ಣೆಯ ದುಡ್ಡು ಹರಿದು ಬಂದ ದೇಶ. ನಮ್ಮ ಕ್ಯಾಂಪ್ ಹಿಂದಿನ ಕೇರಿಯ ಮಕ್ಕಳು ನಮ್ಮ ನಲ್ಲಿಗೆ ಕೊಡ ಹಿಡಿದು ಬರುತ್ತಿದ್ದರು. ಅದನ್ನು ಮರೆಯಲು ನನಗೆ ಆಗುವುದಿಲ್ಲ.

ಇಂಥ ಕಡೆ ದೊಡ್ಡ ಗುತ್ತಿಗೆ ಬೇಕಾದರೆ ಮೇಲಿನವರ ಬಳಗದ ಒಬ್ಬರು ಪಾಲುದಾರರಾಗಿ ಇರುತ್ತಾರೆ. ನಮ್ಮ ಕಂಪನಿಗೂ ಒಬ್ಬರಿದ್ದರು. 2022ರ ಅಕ್ಟೋಬರ್‌ನಲ್ಲಿ ಅವರಿಗೂ ನಮ್ಮ ಮಾಲೀಕರಿಗೂ ಜಗಳವಾಯಿತು. ಮಾಲೀಕರು ಹೊರದೇಶದವರು, ಅಷ್ಟು ಹೊತ್ತಿಗೆ ವಿಮಾನ ಹತ್ತಿಯಾಗಿತ್ತು. ಒಂದು ಬೆಳಿಗ್ಗೆ ಆಫೀಸಿಗೆ ಬೀಗ, ಗೇಟಿನಲ್ಲಿ ಬಂದೂಕು ಹಿಡಿದವರು. ತೆರಿಗೆ ಬಾಕಿ ಕಟ್ಟುವವರೆಗೆ ಕಂಪನಿಯ ಯಾರೂ ದೇಶ ಬಿಡುವಂತಿಲ್ಲ ಅಂದರು. ಪಾಸ್‌ಪೋರ್ಟ್ ಬೀಗದ ಒಳಗೆ, ಹನ್ನೊಂದು ಜನ ನಾವು ಹೊರಗೆ. ಬಾಕಿ ಯಾರದು, ಎಷ್ಟು ಅಂತ ಒಂದು ಕಾಗದವನ್ನೂ ಯಾರೂ ತೋರಿಸಲಿಲ್ಲ.

ಐದು ತಿಂಗಳು. ಸಂಬಳ ಇಲ್ಲ. ಅನ್ನ, ಡಬ್ಬಿ ಮೀನು, ಮತ್ತೆ ಅನ್ನ. ಇಬ್ಬರಿಗೆ ಮಲೇರಿಯಾ. ವಾರಕ್ಕೊಮ್ಮೆ ಠಾಣೆಗೆ ಕರೆದು "ಮಾಲೀಕ ಎಲ್ಲಿ?" ಅಂತ ಕೇಳುತ್ತಿದ್ದರು. ಅಮ್ಮನಿಗೆ ಕೆಲಸ ಜಾಸ್ತಿ ಇದೆ, ರಜೆ ಸಿಗುತ್ತಿಲ್ಲ ಅಂತ ಸುಳ್ಳು ಹೇಳಿದೆ. ಅವರಿಗೆ ಗೊತ್ತಾಗಿತ್ತು ಅಂತ ಆಮೇಲೆ ತಿಳಿಯಿತು.

ನಮ್ಮದು ಒಂಟಿ ಕಥೆಯಲ್ಲ. 2022ರ ಆಗಸ್ಟ್‌ನಲ್ಲಿ ಹೀರೊಯಿಕ್ ಇಡುನ್ ಅನ್ನುವ ಎಣ್ಣೆ ಹಡಗನ್ನು ಅಲ್ಲಿನ ನೌಕಾಪಡೆ ಹಿಡಿದಿತ್ತು. 26 ಸಿಬ್ಬಂದಿಯಲ್ಲಿ 16 ಜನ ನಮ್ಮವರು. ದಂಡ ಕಟ್ಟಿದ ಮೇಲೂ ಬಿಡಲಿಲ್ಲ, ನೈಜೀರಿಯಾಕ್ಕೆ ಒಪ್ಪಿಸಿದರು. ಬಿಡುಗಡೆ ಆಗಿದ್ದು 2023ರ ಮೇ ಕೊನೆಗೆ. 2023ರ ಫೆಬ್ರವರಿಯಲ್ಲಿ ಅಲ್ಲೇ ದಕ್ಷಿಣ ಆಫ್ರಿಕಾದ ಇಬ್ಬರು ಎಂಜಿನಿಯರ್‌ಗಳನ್ನು ಮಾದಕ ವಸ್ತುವಿನ ಆರೋಪ ಹೊರಿಸಿ ಹಿಡಿದರು. ಅದಕ್ಕೆ ಎರಡು ದಿನ ಮೊದಲಷ್ಟೇ ಕೇಪ್‌ಟೌನ್‌ನಲ್ಲಿ ಉಪಾಧ್ಯಕ್ಷರ ಐಷಾರಾಮಿ ಹಡಗು ಜಪ್ತಿಯಾಗಿತ್ತು. 12 ವರ್ಷ ಶಿಕ್ಷೆ ಹಾಕಿದರು, 2025ರ ಜೂನ್‌ನಲ್ಲಿ ಕ್ಷಮೆ ಕೊಟ್ಟು ಬಿಟ್ಟರು. ಇಟಲಿಯ ಗುತ್ತಿಗೆದಾರ ರೊಬರ್ಟೊ ಬೆರಾರ್ಡಿಯವರದು ನಮ್ಮ ಕಥೆಗೆ ಇನ್ನೂ ಹತ್ತಿರ. ಅವರ ಪಾಲುದಾರ ಇದೇ ಅಧ್ಯಕ್ಷರ ಮಗ. ಕಂಪನಿಯ ಹಣ ಎಲ್ಲಿಗೆ ಹೋಯಿತು ಅಂತ ಕೇಳಿದ ಮೇಲೆ 2013ರಿಂದ 2015ರವರೆಗೆ ಅದೇ ದೇಶದ ಬಾಟಾ ನಗರದ ಜೈಲಿನಲ್ಲಿದ್ದರು.

"ನಾನು ತಪ್ಪು ಮಾಡದಿದ್ದರೆ ನನಗೇನು ಭಯ?" ಅಂತ ಆ ಹುಡುಗ ಕೇಳಿದ. ನಾನೂ ಹಾಗೇ ಅಂದುಕೊಂಡು ಹೋದವನು. ಅಲ್ಲಿ ನಾವು ಏನು ಮಾಡಿದೆವು ಅನ್ನುವುದಕ್ಕಿಂತ, ನಮ್ಮ ಕಂಪನಿ ಯಾರ ಜೊತೆ ಮುನಿಸಿಕೊಂಡಿದೆ ಅನ್ನುವುದೇ ಮುಖ್ಯ.

ನಮ್ಮನ್ನು ಹೊರಗೆ ತಂದದ್ದು ಮಲಾಬೋದ ನಮ್ಮ ರಾಯಭಾರ ಕಚೇರಿಯವರು. ತಿಂಗಳುಗಟ್ಟಲೆ ಬೆನ್ನು ಹತ್ತಿ, 2023ರ ಮಾರ್ಚ್‌ನಲ್ಲಿ ತಿಜೋರಿ ತೆಗೆಸಿದರು. ನಾನು ಹೋದ ದಿನವೇ ಅಲ್ಲಿ ಹೆಸರು ಬರೆಸಬೇಕಿತ್ತು. ಬರೆಸಿದ್ದು ಬೀಗ ಬಿದ್ದ ಮೇಲೆ. ನೀವು ಹಾಗೆ ಮಾಡಬೇಡಿ. ಈಗಾಗಲೇ ಅಲ್ಲಿರುವವರು ಇವತ್ತೇ ಬರೆಸಿ. ಪಾಸ್‌ಪೋರ್ಟ್ ಕೇಳಿ ಇಸಕೊಳ್ಳಿ, ಕೊಡದಿದ್ದರೆ ಎಲ್ಲ ಪುಟದ ಫೋಟೋ ಮನೆಯವರ ಹತ್ತಿರ ಇರಲಿ. ವಾಪಸ್ ಬರುವ ಟಿಕೆಟ್‌ಗೆ ಆಗುವಷ್ಟು ಹಣ ಊರಿನ ಖಾತೆಯಲ್ಲೇ ಇಡಿ.

ಇನ್ನೂ ಹೊರಡದವರು ಸಂಬಳ ಕೇಳುವ ಮೊದಲು ಏಜೆಂಟ್‌ಗೆ ಒಂದು ಪ್ರಶ್ನೆ ಹಾಕಿ: ಅಲ್ಲಿನ ಪಾಲುದಾರ ಯಾರು? ಕುಂದಾಪುರದ ಹುಡುಗ ಮರುದಿನವೇ ಕೇಳಿದ. "ಅದೆಲ್ಲ ನಿನಗ್ಯಾಕೆ, ಸೋಮವಾರದೊಳಗೆ ದುಡ್ಡು ಕಟ್ಟು" ಅಂದರಂತೆ. ಅವನು ಇನ್ನೂ ಕಟ್ಟಿಲ್ಲ. ದಿನಾ ಸಂಜೆ ಫೋನ್ ಮಾಡಿ ವಿಚಾರಿಸುತ್ತಿದ್ದೇನೆ.